ನೀರಿನವನಿಗೆ ಇಟ್ಟ ಹೆಸರು

ನನ್ನ ಗಂಡನ ಗೋರಿಯನ್ನು ಮೊದಲ ಸಲ ಕಂಡಾಗ ಗಂಡ ನನ್ನ ಪಕ್ಕದಲ್ಲೇ ನಿಂತಿದ್ದ. ಮಗಳು ಚಪ್ಪಲಿಯೊಳಗೆ ಸೇರಿದ ಕಲ್ಲು ಕೊಡವುತ್ತಿದ್ದಳೆಂದು ಅವಳ ಐಸ್‌ಕ್ಯಾಂಡಿಯನ್ನು ಅವನು ಹಿಡಿದುಕೊಂಡಿದ್ದ. ಅದು ಕರಗಿ ಅವನ ಮುಂಗೈ ಮೇಲೆ ಕೆಂಪಗೆ ಇಳಿಯುತ್ತಿತ್ತು. ಎದುರಿಗೆ ಸುಣ್ಣ ಬಳಿದ ಎತ್ತರದ ಗೋಡೆ. ಗೋಡೆಯ ತುಂಬ ಸಾಲುಸಾಲಾಗಿ ಹೆಣ ಇಡುವ ಗೂಡುಗಳು. ನನ್ನ ಎದೆಮಟ್ಟದಲ್ಲಿದ್ದ ಒಂದು ಗೂಡಿನ ಬಾಯಿಗೆ ಮೆತ್ತಿದ ಗಾರೆಯ ಮೇಲೆ ನೀಲಿ ಬಣ್ಣದಲ್ಲಿ ಯಾರೋ ಕೈಯಾರೆ ಬರೆದಿದ್ದರು: ಆರ್ನುಲ್ಫೊ ರಾಂಹೆಲ್ ಚಮೊರ್ರೊ.

ಬರೀ ಆರ್ನುಲ್ಫೊ ಎಂದಿದ್ದರೆ ನಕ್ಕು ಮುಂದೆ ಹೋಗುತ್ತಿದ್ದೆ. ರಾಂಹೆಲ್ ಎನ್ನುವವರೂ ಈ ನದಿಯುದ್ದಕ್ಕೂ ಇದ್ದಾರೆ. ಆದರೆ ಅಪ್ಪನ ಮನೆತನ, ಅಮ್ಮನ ಮನೆತನ ಎರಡೂ ಸೇರಿ ಮೂರು ಹೆಸರೂ ಹಾಗೇ ಒಂದರ ಹಿಂದೆ ಒಂದು ಬರುವುದೆಂದರೇನು? ಮದುವೆಯ ದಿನ ಪಾದ್ರಿಯ ಮುಂದೆ ತೊದಲಬಾರದೆಂದು ನಾನು ಬಾಯಿಪಾಠ ಮಾಡಿದ ಹೆಸರು ಅದು.

"ಅಪ್ಪಾ, ನಿನ್ ಹೆಸ್ರು!" ಮೈರೀಸ್ ಕುಣಿದಳು. "ಅಮ್ಮ ನೋಡಮ್ಮ, ಅಪ್ಪ ಸತ್ತೋಗಿದಾನೆ!"

ನಾನು ನಗುತ್ತಲೇ ಅವನ ಮುಖ ನೋಡಿದೆ. ನಗು ಅಲ್ಲೇ ನಿಂತಿತು. ಗಾರೆಯ ಬಣ್ಣಕ್ಕೂ ಅವನ ತುಟಿಯ ಬಣ್ಣಕ್ಕೂ ವ್ಯತ್ಯಾಸ ಇರಲಿಲ್ಲ.

ನಾವು ಬರ್ರಾಂಕೀಯಾದವರು, ಮಾಗ್ದಲೇನಾ ನದಿ ಸಮುದ್ರ ಸೇರುವ ಕಡೆಯವರು. ನಾನು ಗಾರ್ಮೆಂಟ್ಸಿನಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ, ಆರ್ನುಲ್ಫೊ ಊರೊಳಗಿನ ಬಸ್ಸು ಓಡಿಸುತ್ತಾನೆ. ಅವನು ಮನೆಗೆ ಬರುವ ಹೊತ್ತಿಗೆ ನಾನು ಹೊರಟಿರುತ್ತೇನೆ, ನಾನು ಬರುವ ಹೊತ್ತಿಗೆ ಅವನು ಮಲಗಿರುತ್ತಾನೆ. ಮದುವೆಯಾದ ಮೇಲೆ ನಾವು ಜೊತೆಯಾಗಿ ಪ್ರವಾಸ ಅಂತ ಹೋದದ್ದೇ ಇಲ್ಲ. ಹಾಗಿರುವಾಗ ಕ್ರಿಸ್‌ಮಸ್‌ಗೆ ಕಾರ್ಖಾನೆಯಲ್ಲಿ ಚೀಟಿ ಎತ್ತಿದರು, ನನ್ನ ಚೀಟಿ ಬಂತು. ಬಹುಮಾನ ಸಾನ್ ಲೆಯಾಂದ್ರೊದಲ್ಲಿ ವಾರಾಂತ್ಯದ ವಾಸ. ನದಿಯ ನಡುವಿನ ದ್ವೀಪದ ಮೇಲಿನ ಹಳೇ ಊರು, ಸ್ಪೇನಿನವರು ಕಟ್ಟಿದ್ದು. ಹೋಗಿಬಂದವರೆಲ್ಲ ಹೊಗಳುವವರೇ.

"ಬೇಡ," ಅಂದಿದ್ದ ಆರ್ನುಲ್ಫೊ. "ಸೊಳ್ಳೆ ಕಚ್ಚುತ್ವೆ."

"ನಮ್ಮನೇಲೇನು ಸೊಳ್ಳೆ ಮುತ್ತಿಡ್ತವಾ?" ಅಂದಿದ್ದೆ ನಾನು. ಅವನು ಮತ್ತೆ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.

ಶುಕ್ರವಾರ ಸಂಜೆ ದೋಣಿ ಇಳಿದಾಗಲೇ ನಾನು ಗಮನಿಸಬೇಕಿತ್ತು. ವಸತಿಗೃಹದ ದಾರಿ ಕೇಳೋಣ ಎಂದು ನಾನು ಬಾಯಿ ತೆರೆಯುವ ಮೊದಲೇ ಅವನು ಚೀಲ ಹೆಗಲಿಗೇರಿಸಿ ಹಳೇ ಸುಂಕದ ಕಟ್ಟೆಯ ಹಿಂದಿನ ಸಂದಿಯಲ್ಲಿ ನುಗ್ಗಿದ. ಹೊರಬಂದಾಗ ವಸತಿಗೃಹದ ಬಾಗಿಲು ಮುಂದೆಯೇ ಇತ್ತು. "ನಿಂಗೆ ಹೆಂಗೆ ಗೊತ್ತಾಯ್ತು?" ಅಂದೆ. "ಬಸ್ ಓಡ್ಸೋನಿಗೆ ದಾರಿ ವಾಸನೆ ಹತ್ತುತ್ತೆ," ಅಂದ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ. ಬಿಸಿಲಿಗೆ ಅಂದುಕೊಂಡೆ. ಬಿಸಿಲು ಆಗಲೇ ಇಳಿದಿತ್ತು.

ವಸತಿಗೃಹದ ಯಜಮಾನ ದೋನ್ ಎಉಸ್ತೋರ್ಹಿಯೊ ಮಾತಿನ ಮಲ್ಲ. ಆ ಊರಿನಲ್ಲಿ ಸಂಜೆಯಾದರೆ ಎಲ್ಲರೂ ತೂಗುಕುರ್ಚಿಗಳನ್ನು ಬೀದಿಗೆ ತಂದು ಹಾಕಿಕೊಂಡು ಕೂರುತ್ತಾರೆ. ನಮಗೂ ಹಾಕಿದ. ಹುಣಸೆ ಪಾನಕ ಕೊಟ್ಟ.

"ನಾಳೆ ಎಲ್ಲ ನೋಡಿ. ಸ್ಪೇನಿನವರನ್ನ ಓಡಿಸಿದ ನಮ್ಮ ವಿಮೋಚಕ ಮಲಗಿದ್ದ ಮನೆ ನೋಡಿ. ಅಂಥವು ಏಳೆಂಟಿವೆ."

"ಅಷ್ಟು ಮನೇಲಿ ಮಲ್ಗಿದ್ರೆ ಯುದ್ಧ ಯಾವಾಗ ಮಾಡಿದ್ರು?" ಎಂದಳು ಮೈರೀಸ್.

"ನಿದ್ದೆ ಬರದೇ ಇರೋ ದಿನ ಮಾಡ್ದ, ಪುಟ್ಟಿ." ಯಜಮಾನ ನಕ್ಕ. ಆಮೇಲೆ ದನಿ ತಗ್ಗಿಸಿದ. "ಸ್ಮಶಾನಾನೂ ನೋಡಿ. ಬಂದೂಕಿನವರ ಕಾಲದಲ್ಲಿ ಈ ನದಿ ಜನರನ್ನ ತಂದು ತಂದು ನಮ್ಮ ದಡಕ್ಕೆ ಹಾಕ್ತಿತ್ತು. ಯಾರ ಮಕ್ಕಳೋ, ಯಾವೂರಿನವರೋ. ನೀರಿನವರು ಅಂತೀವಿ. ನಮ್ಮೋರು ಎತ್ಕೊಂಡು ಬಂದು ಗೂಡಲ್ಲಿಟ್ರು. ಒಬ್ಬೊಬ್ರು ಒಬ್ಬೊಬ್ಬನ್ನ ಆರಿಸ್ಕೊಂಡ್ರು. ಹೆಸರಿಟ್ಟು, ಹೂ ಇಟ್ಟು, ಸೋಮವಾರ ಸೋಮವಾರ ಹೋಗಿ ಮಾತಾಡ್ಸೋದು. ಅವ್ರೂ ಸುಮ್ನಿರಲ್ಲ, ಕೇಳಿದ್ದು ನಡೆಸ್ಕೊಡ್ತಾರೆ. ನನ್ನ ಹೆಂಡ್ತಿಯ ನೀರಿನವನು ನನ್ನ ಮಂಡಿನೋವು ವಾಸಿ ಮಾಡ್ದ. ಡಾಕ್ಟ್ರ ಕೈಲಾಗಲಿಲ್ಲ."

"ಯಾರೂ ಆರಿಸ್ಕೊಳ್ದೇ ಇದ್ದೋರು?" ಅಂದೆ.

"ಅವರನ್ನ ತೆಗ್ದು ದೊಡ್ಡ ಗುಂಡಿಗೆ ಹಾಕ್ತಾರೆ. ಗೂಡು ಖಾಲಿ ಬೇಕಲ್ಲಮ್ಮ, ಸಾಯೋರು ನಿಲ್ಲಲ್ಲ." ಯಜಮಾನ ಆರ್ನುಲ್ಫೊನ ಕಡೆ ತಿರುಗಿದ. "ಸಾಹೇಬ್ರದ್ದು ಮೂಲ ಯಾವೂರು?"

"ಮಗಾಂಗೆ," ಎಂದು ಆರ್ನುಲ್ಫೊ ಎದ್ದು ಒಳಗೆ ಹೋದ. ಕುರ್ಚಿ ಒಂದೇ ತೂಗುತ್ತಾ ಉಳಿಯಿತು.

ಅದೇ ಉತ್ತರವನ್ನು ಅವನು ನನಗೂ ಕೊಟ್ಟಿದ್ದ, ನಾವು ಪರಿಚಯವಾದ ದಿನ. ಮಗಾಂಗೆಯವನು, ಅಪ್ಪ ಅಮ್ಮ ಇಬ್ಬರೂ ಇಲ್ಲ, ಒಡಹುಟ್ಟಿದವರಿಲ್ಲ. ಮದುವೆಗೆ ಅವನ ಕಡೆಯಿಂದ ಬಂದವನೆಂದರೆ ಬಸ್ಸಿನ ಕಂಡಕ್ಟರ್ ಒಬ್ಬನೇ. ಅತ್ತೆಯ ಕಾಟವಿಲ್ಲ, ನಿನ್ನಷ್ಟು ಪುಣ್ಯವಂತೆ ಇಲ್ಲ ಎಂದು ಕಾರ್ಖಾನೆಯವರು ಈಗಲೂ ಹೊಟ್ಟೆಕಿಚ್ಚು ಪಡುತ್ತಾರೆ.

ಶನಿವಾರ ಬೆಳಗ್ಗೆಯಿಂದ ಸುತ್ತಿದೆವು. ಇಗರ್ಜಿಯ ಗೋಪುರ, ಕಬ್ಬಿಣದ ಕಿಟಕಿಗಳ ಉದ್ದುದ್ದ ಮನೆಗಳು, ಹೊಳೆದಂಡೆಯ ಮರದಲ್ಲಿ ಕೊಂಬೆಗಳಂತೆ ಜೋತುಬಿದ್ದ ಉಡಗಳು, ಬೆಳ್ಳಿಯ ತಂತಿಯಲ್ಲಿ ಮೀನು ಹೆಣೆಯುವ ಅಕ್ಕಸಾಲಿಗರು. ನಾನು ಎಲ್ಲದಕ್ಕೂ ಬಾಯಿಬಿಟ್ಟು ನೋಡಿದೆ. ಆರ್ನುಲ್ಫೊ ನೆಲ ನೋಡಿಕೊಂಡು ನಡೆದ. ಮಧ್ಯಾಹ್ನದ ಮೇಲೆ ಮೈರೀಸ್ ಸ್ಮಶಾನಕ್ಕೆ ಹೋಗಲೇಬೇಕೆಂದು ಹಟ ಹಿಡಿದಳು. "ನೀವಿಬ್ರೂ ಹೋಗ್ಬನ್ನಿ," ಅಂದ ಅವನು. "ಒಂದ್ ದಿನ ಮಗಳ ಜೊತೆ ನಡೆಯೋಕೆ ನಿಂಗೆ ಕಾಲು ನೋವಾ?" ಅಂದೆ. ಆ ಮಾತಿಗೆ ಬಂದ.

ಹೀಗೆ ಆ ಗೂಡಿನ ಮುಂದೆ ನಿಂತಿದ್ದೆವು.

"ನುಲ್ಫೊ, ಏನಿದು?" ಅಂದೆ.

"ನಡಿ ಹೋಗಾಣ."

"ಏನಿದು ಅಂತ ಕೇಳ್ದೆ."

ಅವನು ಉತ್ತರ ಕೊಡುವ ಮೊದಲೇ ಹಿಂದಿನಿಂದ ಬಕೀಟಿನ ಹಿಡಿ ಕಿರ್ ಎಂದಿತು. ಸಣ್ಣ ದೇಹದ ಮುದುಕಿ, ಹೂವಿನ ಚಿತ್ತಾರದ ಮಾಸಿದ ಲಂಗ, ಕಾಲಲ್ಲಿ ಗಂಡಸರ ರಬ್ಬರ್ ಚಪ್ಪಲಿ. "ಸ್ವಲ್ಪ ಸರೀರಿ," ಎಂದು ನಮ್ಮನ್ನು ನೋಡದೆಯೇ ಪಕ್ಕಕ್ಕೆ ತಳ್ಳಿ ಬಕೀಟು ಇಳಿಸಿದಳು. ಬೆರಳ ಗೆಣ್ಣಿನಿಂದ ಆ ಗೂಡಿನ ಗಾರೆಯ ಮೇಲೆ ಟಕ್ ಟಕ್ ಟಕ್ ಎಂದು ತಟ್ಟಿದಳು, ಮಲಗಿದ ಮಗನ ಕೋಣೆಯ ಬಾಗಿಲು ತಟ್ಟುವ ಹಾಗೆ.

"ಏಳು ಮಗಾ. ನಾನು ಬಂದೆ. ಇವತ್ತು ನಿನ್ ಮುಖ ತೊಳಿತೀನಿ, ಸೋಮವಾರಕ್ಕೆ ಚೆನ್ನಾಗಿ ಕಾಣ್ಬೇಕಲ್ಲ."

ಬಟ್ಟೆ ಹಿಂಡಿಕೊಂಡು ಹೆಸರಿನ ಮೇಲಿನ ಧೂಳು ಒರೆಸಿದಳು. ಮತ್ತೆ ಬಟ್ಟೆ ಅದ್ದಲು ಬಗ್ಗಿದವಳು ತಲೆಯೆತ್ತಿದಳು. ಆರ್ನುಲ್ಫೊನನ್ನು ಕಂಡಳು.

ಕಿರುಚುತ್ತಾಳೆ ಅಂದುಕೊಂಡೆ. ಅವಳು ಕಿರುಚಲಿಲ್ಲ.

"ಓ, ಹೊರಗೇ ಇದೀಯಾ," ಅಂದಳು.

ಮೈರೀಸ್ ನನ್ನ ಲಂಗದ ಮಡಿಕೆ ಹಿಡಿದುಕೊಂಡಳು.

"ಇವತ್ತು ಶನಿವಾರ ಕಣೋ, ನಿಮ್ಮ ದಿನ ಅಲ್ಲ," ಮುದುಕಿ ಗೊಣಗುತ್ತಲೇ ಇದ್ದಳು. "ಹೋದ ಸಲ ಮೇಣದಬತ್ತಿ ಆರೋಯ್ತು ಅಂತ ಸಿಟ್ಟಾ? ಗಾಳಿ ಇತ್ತು, ನಾನೇನ್ ಮಾಡ್ಲಿ? ಅದಕ್ಕೆ ಹಿಂಗೆ ಎದ್ದು ಬರೋದಾ? ಕನಸಲ್ಲಿ ಬಂದ್ರೆ ಸಾಕಾಗಲ್ವಾ?" ಅವನನ್ನು ಮೇಲಿಂದ ಕೆಳಗೆ ನೋಡಿದಳು. "ದಪ್ಪ ಆಗಿದೀಯ. ಅಲ್ಲೂ ಹೊಟ್ಟೆ ಬರುತ್ತಾ?"

"ಅಮ್ಮಾ," ಅಂದ ನನ್ನ ಗಂಡ.

ನನಗೆ ಯಾವುದಕ್ಕೆ ಮೊದಲು ಬೆಚ್ಚಬೇಕೋ ತಿಳಿಯಲಿಲ್ಲ. ಹೆಸರು ಬರೆದ ಗೋರಿಗೋ, ಅವನನ್ನು ಹೆಣವೆಂದುಕೊಂಡು ಗದರುತ್ತಿದ್ದ ಮುದುಕಿಗೋ, ಅಥವಾ ಅವನ ಬಾಯಿಂದ ನಾನೆಂದೂ ಕೇಳಿರದಿದ್ದ ಆ ಒಂದು ಮಾತಿಗೋ.

"ಅಮ್ಮ ಇಲ್ಲ ಅಂದಿದ್ದೆಯಲ್ಲೋ," ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಮುದುಕಿ ಈಗ ನನ್ನತ್ತ ನೋಡಿದಳು, ಆಮೇಲೆ ಮೈರೀಸ್ ಕಡೆಗೆ. ಅವಳ ಮುಖ ಮೆತ್ತಗಾಯಿತು. "ಇವಳೂ ನಿನ್ ಜೊತೆಯವಳಾ? ಪಾಪ, ಯಾವೂರಿನ ಹೆಣ್ಣೋ. ಅಯ್ಯೋ ನನ್ನಪ್ಪ, ಮಗೂನೂ ಬಿಡ್ಲಿಲ್ವಾ ಪಾಪಿಗಳು!" ಎಂದು ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು.

"ನಾವು ಸತ್ತಿಲ್ಲ ಅಜ್ಜಿ!" ಮೈರೀಸ್ ಅಳುವ ದನಿಯಲ್ಲಿ ಕೂಗಿದಳು. "ನಾವು ಬರ್ರಾಂಕೀಯಾದವ್ರು!"

ಮುದುಕಿಯ ಕೈ ಎದೆಯ ಮೇಲೇ ನಿಂತಿತು. ಅವಳು ಹತ್ತಿರ ಬಂದಳು. ಆರ್ನುಲ್ಫೊನ ಕೊರಳ ಮೇಲೆ, ಅಂಗಿಯ ಕಂಕುಳಲ್ಲಿ ಬೆವರು ಹರಡಿತ್ತು. ಒಂದು ಬೆರಳಲ್ಲಿ ಅವನ ಕತ್ತಿನ ಬೆವರು ತೆಗೆದು ನೋಡಿದಳು. ನಾಲಿಗೆಗೆ ತಗುಲಿಸಿದಳು.

"ಚಪ್ಪಲಿ ಬಿಚ್ಚು," ಅಂದಳು.

ಅವನು ಬಿಚ್ಚಿದ. ಎಡಗಾಲಿನ ಎರಡನೇ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತಿರುತ್ತದೆ ಅವನಿಗೆ. ಷೂ ಕೊಳ್ಳುವಾಗಲೆಲ್ಲ ಅದೊಂದು ಗೋಳು. ಮುದುಕಿ ಆ ಬೆರಳನ್ನು ನೋಡಿದಳು, ಮತ್ತೆ ಗೂಡನ್ನು ನೋಡಿದಳು. ಆಮೇಲೆ ಅವಳ ಮಂಡಿಗಳು ಮಡಚಿಕೊಂಡವು. ನಾನು ಹಿಡಿಯದಿದ್ದರೆ ಬಕೀಟಿನ ಮೇಲೇ ಬೀಳುತ್ತಿದ್ದಳು. ನೀರೆಲ್ಲ ಚೆಲ್ಲಿ ನಮ್ಮ ಕಾಲು ತೊಯ್ದವು.

ಆಗ ಕಿರುಚಿದಳು. ಮಗ ಸಿಕ್ಕಿದನೆಂಬ ಸಂತೋಷದ ಕೂಗಲ್ಲ ಅದು. ಸ್ಮಶಾನದ ಬೆಕ್ಕುಗಳು ಗೋರಿಗಳ ಮೇಲಿಂದ ಹಾರಿ ಓಡಿದವು. "ಬದ್ಕಿದೀಯಾ! ಬದ್ಕಿದ್ದೂ ಬರ್ಲಿಲ್ವಾ!" ಎಂದು ನನ್ನ ತೋಳಿನಿಂದ ಬಿಡಿಸಿಕೊಂಡು ಅವನ ಎದೆಗೆ, ಹೊಟ್ಟೆಗೆ, ಕೆನ್ನೆಗೆ ಸಿಕ್ಕಸಿಕ್ಕಲ್ಲಿ ಹೊಡೆದಳು. ಅವನು ಕೈ ಅಡ್ಡ ಹಿಡಿಯಲಿಲ್ಲ. ಮಗಳ ಐಸ್‌ಕ್ಯಾಂಡಿಯ ಬರಿಯ ಕಡ್ಡಿಯನ್ನು ಹಿಡಿದುಕೊಂಡೇ ಅತ್ತ. ನನ್ನ ಗಂಡ ಅಳುವುದನ್ನೂ ನಾನು ಅಂದೇ ಮೊದಲು ನೋಡಿದ್ದು.

ಅವಳ ಹೆಸರು ಎಲೋದಿಯಾ. ನನ್ನ ಅತ್ತೆ. ಹೊಳೆಗೆ ಬೆನ್ನು ಹಾಕಿ ನಿಂತ ಅವಳ ಎರಡು ಕೋಣೆಯ ಮನೆಯಲ್ಲಿ ಆ ಸಂಜೆ ಕೂತಿದ್ದೆವು. ಏನು ನಡೆದರೂ ಬಂದವರಿಗೆ ಊಟ ಹಾಕಬೇಕಲ್ಲ, ಅವಳು ಮೀನಿಗೆ ನಿಂಬೆಹುಳಿ ಉಪ್ಪು ಸವರಿ ಎಣ್ಣೆಗೆ ಬಿಟ್ಟಳು. ನಾನು ಮರಗೆಣಸು ಸುಲಿದೆ. ಕೈಗೆ ಕೆಲಸವಿರದಿದ್ದರೆ ನಾನು ಆ ಹೊತ್ತು ಏನು ಮಾಡುತ್ತಿದ್ದೆನೋ.

ಆರ್ನುಲ್ಫೊ ಬಾಗಿಲ ಬಳಿ ಕೂತು ಹೇಳಿದ. ಮೀಸೆ ಚಿಗುರುತ್ತಿದ್ದ ವಯಸ್ಸು. ಬಂದೂಕಿನವರು ಹುಡುಗರನ್ನು ಹಿಡಿದುಕೊಂಡು ಹೋಗಲು ಬಂದಾಗ ಬಾಳೆಕಾಯಿ ದೋಣಿಯಲ್ಲಿ ಗೊನೆಗಳ ಕೆಳಗೆ ಮಲಗಿ ತಪ್ಪಿಸಿಕೊಂಡನಂತೆ. ಕೆಳಗಿನ ಊರಲ್ಲಿ ಯಾರೋ, ನಿಮ್ಮ ಬೀದಿಯನ್ನೇ ಸುಟ್ಟರು, ನಿಮ್ಮಮ್ಮ ಒಳಗಿದ್ದಳು ಎಂದರಂತೆ.

"ನಾನು ಹಿತ್ತಿಲಲ್ಲಿದ್ದೆ," ಎಲೋದಿಯಾ ಮೀನು ಮಗುಚಿದಳು. "ಮನೆ ಮಾತ್ರ ಬೆಂಕಿಯೊಳಗಿತ್ತು."

"ಮೂಲ ಮಗಾಂಗೆ ಅಂತ ನಂಗ್ಯಾಕೆ ಹೇಳ್ದೆ?" ನಾನು ಚಾಕು ಕೆಳಗಿಡದೆ ಕೇಳಿದೆ.

"ಸಾನ್ ಲೆಯಾಂದ್ರೊ ಅಂದ್ರೆ ಆಗ ಒಂದು ಕಡೆಯೋರು ಹೊಡೀತಿದ್ರು, ಸುಮ್ನಿದ್ರೆ ಇನ್ನೊಂದು ಕಡೆಯೋರು. ಹೇಳಿ ಹೇಳಿ ಅದೇ ಬಾಯಿಗೆ ಬಂತು."

"ನಾನು ಯಾವ ಕಡೆಯೋಳು, ನುಲ್ಫೊ?"

ಅವನು ತಲೆ ತಗ್ಗಿಸಿದ. "ನಿಂಗೆ ಹೇಳಿದ್ರೆ ನೀನು ಊರು ನೋಡ್ಬೇಕು ಅಂತಿದ್ದೆ. ಬಂದ್ರೆ ಸುಟ್ಟ ಮನೆ ನೋಡ್ಬೇಕಾಗ್ತಿತ್ತು. ನನ್ನ ಕೈಲಿ ಆಗ್ತಿರ್ಲಿಲ್ಲ."

ಅಷ್ಟು ವರ್ಷ ಒಂದೇ ಹಾಸಿಗೆ, ಒಂದೇ ಒಲೆ. ಅವನ ಅಂಗಿಗಳ ಗುಂಡಿ ಹೊಲಿದವಳು ನಾನು. ಅವನು ಹುಟ್ಟಿದ ಊರು ನನಗೆ ಚೀಟಿಯಲ್ಲಿ ಬಂತು.

"ಮಗಾಂಗೆ ಅಂದ್ನಾ?" ಎಲೋದಿಯಾ ತಟ್ಟೆ ಇಡುತ್ತಾ ನನ್ನನ್ನು ಕೇಳಿದಳು. "ಥೂ. ಬಲೆ ಕದಿಯೋರ ಊರು. ಬೇರೆ ಊರೇ ಸಿಗ್ಲಿಲ್ವಾ ಇವ್ನಿಗೆ?"

ನಗು ಬಂತು ನನಗೆ, ಹಾಳಾದ್ದು. ಮುಖ ಆಚೆ ತಿರುಗಿಸಿಕೊಂಡೆ.

"ಅಜ್ಜಿ," ಮೈರೀಸ್ ಮುಳ್ಳು ಬಿಡಿಸುತ್ತಾ ಕೇಳಿದಳು, "ಗೂಡಲ್ಲಿರೋದು ಅಪ್ಪ ಅಂತ ನೀನು ಅಂದ್ಕೊಂಡಿದ್ಯಾ?"

ಎಲೋದಿಯಾ ಒಲೆ ಆರಿಸಿ, ತನ್ನ ಲಂಗದ ಅಂಚಿನಲ್ಲಿ ಕೈ ಒರೆಸಿಕೊಂಡು ಕೂತಳು.

"ಇಲ್ಲ ಮಗಳೇ. ಮೊದಲ ದಿನದಿಂದಾನೂ ಗೊತ್ತು. ಅವನ ಮುಖ ಹೊಳೆ ತಿಂದಿತ್ತು, ಕಾಲು ಚೆನ್ನಾಗಿತ್ತು. ಬೆರಳು ನೆಟ್ಟಗಿದ್ವು. ನನ್ ಮಗ ಅಲ್ಲ ಅಂತ ಅಲ್ಲೇ ಗೊತ್ತಾಯ್ತು. ಆದ್ರೂ ನಾನೇ ಆರಿಸ್ಕೊಂಡೆ, ನನ್ ಮಗನ ಹೆಸ್ರೇ ಇಟ್ಟೆ. ಆಮೇಲೆ ಕನಸಲ್ಲಿ ಅವನು ನಿಮ್ಮಪ್ಪನ ಮುಖ ಹೊತ್ಕೊಂಡೇ ಬರೋನು. ನಾನಿಲ್ಲಿ ಯಾರದೋ ಮಗನ್ನ ಎತ್ಕೊಂಡ್ರೆ, ಕೆಳಗಡೆ ಯಾವುದೋ ದಡದಲ್ಲಿ ಯಾರೋ ಒಬ್ಳು ನನ್ ಮಗನ್ನ ಎತ್ಕೋತಾಳೆ ಅಂತ ಅವನ ಹತ್ರ ಮಾತಾಡ್ಕೊಂಡಿದ್ದೆ. ಅದೊಂದೇ ನಾನು ಆ ನೀರಿನವನ್ನ ಕೇಳಿದ್ದು. ಬೇರೇನೂ ಕೇಳಿಲ್ಲ." ಆಮೇಲೆ ನನ್ನತ್ತ ತಿರುಗಿದಳು. ಎಣ್ಣೆ ಹತ್ತಿದ ಕೈಯಿಂದ ನನ್ನ ಮುಂಗೈ ಹಿಡಿದಳು. "ಬರ್ರಾಂಕೀಯಾ ನದಿಯ ಕಟ್ಟಕಡೆ ಅಲ್ವೇನೇ? ನೀನೇನಾ ಎತ್ಕೊಂಡೋಳು?"

ನಾನು ಎದ್ದು ಹಿತ್ತಿಲಿಗೆ ಹೋಗಿ ಹೊಳೆ ನೋಡುತ್ತಾ ನಿಂತೆ.

ಭಾನುವಾರ ಬೆಳಗ್ಗೆ ಜಗಳವಾಯಿತು, ಅದೂ ಸ್ಮಶಾನದಲ್ಲೇ. ಆರ್ನುಲ್ಫೊ ದೋನ್ ಎಉಸ್ತೋರ್ಹಿಯೊನ ಹತ್ತಿರ ಸುಣ್ಣದ ಡಬ್ಬಿ, ಕುಂಚ ಇಸಿದುಕೊಂಡು ಬಂದಿದ್ದ. ತನ್ನ ಹೆಸರನ್ನು ಅಲ್ಲಿಂದ ಅಳಿಸಬೇಕು, ನೋಡಿದರೆ ಉಸಿರು ಕಟ್ಟುತ್ತದೆ ಎಂದ.

"ಮುಟ್ಟಿದ್ರೆ ಕೈ ಮುರೀತೀನಿ," ಎಲೋದಿಯಾ ಗೂಡಿಗೆ ಬೆನ್ನು ಕೊಟ್ಟು ನಿಂತಳು. "ಹೆಸರಿಲ್ದೇ ಇದ್ರೆ ಇವನ್ನ ಗುಂಡಿಗೆ ಹಾಕ್ತಾರೆ. ನೀನು ಬಂದೆ ಅಂತ ಇವನು ಅನಾಥ ಆಗ್ಬೇಕಾ?"

"ಅಮ್ಮ, ನಾನು ಬದ್ಕಿದೀನಿ!"

"ಅದಕ್ಕೆ ಇವನು ಏನ್ ತಪ್ಪು ಮಾಡ್ದ? ನೀನು ಬರ್ದೇ ಇದ್ದಾಗೆಲ್ಲ ಇವನೇ ಇದ್ದ. ಜ್ವರ ಬಂದಾಗ ಇವನಿಗೆ ಹೇಳ್ಕೊಂಡೆ, ಮನೆ ಮತ್ತೆ ಕಟ್ಟುವಾಗ ಇವನಿಗೆ ಹೇಳ್ಕೊಂಡೆ. ನಿಂಗೆ ಏನ್ ಹೇಳ್ಕೊಂಡಿದೀನಿ?"

ಆ ಮಾತು ಅವನಿಗೆ ತಾಗಿತು. ಕುಂಚದಿಂದ ಸುಣ್ಣ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ತಾಯಿಯೂ ಮಗನೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಮಧ್ಯಾಹ್ನ ನಮ್ಮ ದೋಣಿ. ಇವರು ಹೀಗೇ ಬೇರೆಯಾದರೆ ಮತ್ತೆ ಸೇರುವುದಿಲ್ಲ ಎಂದು ನನಗೆ ಖಚಿತವಾಗಿತ್ತು. ಹಿಂದಿನ ಸಂಜೆಯಿಂದ ನಾನು ಗಂಡನೊಂದಿಗೆ ಮಾತು ಬಿಟ್ಟಿದ್ದೆ. ಆದರೂ ಬಾಯಿ ತೆರೆದೆ.

"ಅತ್ತೆ." ಆ ಪದ ನನ್ನ ಬಾಯಲ್ಲಿ ಹೊಸದು, ಎಡವಿತು. "ನಿಮ್ಗೆ ಎರಡನೇ ಮಗ ಹುಟ್ಟಿದ್ರೆ ಏನ್ ಹೆಸ್ರಿಡ್ತಿದ್ರಿ?"

ಅವಳು ಕಣ್ಣು ಕಿರಿದಾಗಿಸಿ ನೋಡಿದಳು. "ಹುಟ್ಟಿತ್ತು. ಉಳೀಲಿಲ್ಲ. ಹೆಸ್ರಿಡೋವಷ್ಟೂ ಉಳೀಲಿಲ್ಲ." ಗಾರೆಯ ಮೇಲೆ ಅಂಗೈ ಇಟ್ಟಳು. "ಕಾಂದೆಲಾರಿಯೊ ಅಂತ ಅಂದ್ಕೊಂಡಿದ್ದೆ."

"ಮನೆತನದ ಹೆಸ್ರು ಎರಡೂ ಹಂಗೇ ಇರ್ಲಿ. ಮೊದಲ್ನೇದು ಮಾತ್ರ ಬದಲಾಯ್ಸಿ."

ಎಲೋದಿಯಾ ತಿರುಗಿ ಗಾರೆಯ ಮೇಲೆ ಹಣೆ ಒತ್ತಿಕೊಂಡು ನಿಂತಳು. ಒಳಗಿನವನ ಹತ್ತಿರ ಏನೋ ಪಿಸುಗುಟ್ಟಿದಳು, ಉತ್ತರಕ್ಕೆ ಕಾದಳು. ನಾವೂ ಕಾದೆವು. ನಗಬೇಡಿ, ನಾನೂ ಉಸಿರು ಬಿಗಿಹಿಡಿದು ಕಾದೆ.

"ಆಗ್ಲಿ ಅಂತಾನೆ," ಎಂದು ಅವಳು ಪಕ್ಕಕ್ಕೆ ಸರಿದಳು.

ಆರ್ನುಲ್ಫೊ ತನ್ನ ಹೆಸರಿನ ಮೇಲೆ ಸುಣ್ಣ ಎಳೆದ. ನೀಲಿ ಅಷ್ಟು ಸುಲಭಕ್ಕೆ ಮುಚ್ಚಲಿಲ್ಲ, ಮತ್ತೆ ಮತ್ತೆ ಬಳಿದ. ಒಣಗುವವರೆಗೂ ಅವನೂ ಮೈರೀಸಳೂ ಟೋಪಿಯಿಂದ ಗಾಳಿ ಬೀಸಿದರು. ಆಮೇಲೆ, ಅಷ್ಟರಲ್ಲಿ ಎಲೋದಿಯಾ ಮನೆಗೆ ಹೋಗಿ ತಂದಿದ್ದ ನೀಲಿ ಬಣ್ಣದ ಡಬ್ಬಿಯನ್ನು ಅವನು ತೆರೆದ. ಬರೆಯುವಾಗ ಕೈಯೆಟುಕಿನಲ್ಲಿ ಡಬ್ಬಿ ಇಡಲು ಜಾಗವಿರಲಿಲ್ಲ. ನನ್ನತ್ತ ನೋಡಿದ. ಹಿಡಿ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಅವನ ಮೇಲಿನ ಸಿಟ್ಟು ಹೋಗಿರಲಿಲ್ಲ, ಇನ್ನೂ ಹೋಗಿಲ್ಲ. ಆದರೂ ಹೋಗಿ ಡಬ್ಬಿ ಹಿಡಿದುಕೊಂಡೆ.

ಅಕ್ಷರಗಳು ಓರೆಯಾದವು. ಕಾಂದೆಲಾರಿಯೊ ಉದ್ದದ ಹೆಸರು, ಮೇಲಿನ ಸಾಲಿನಲ್ಲಿ ಆರ್ನುಲ್ಫೊ ಇದ್ದ ಜಾಗಕ್ಕೆ ಸಾಲದೆ ಕೊನೆಯಕ್ಷರ ಪಕ್ಕದ ಗೂಡಿನವನ ಗೋಡೆಗೆ ಹತ್ತಿತು. "ಅಪ್ಪ, ಪಕ್ಕದ ಮನೆಗೆ ನುಗ್ತಿದೀಯ," ಎಂದಳು ಮೈರೀಸ್.

ಎಲೋದಿಯಾ ಮೇಣದಬತ್ತಿ ಹಚ್ಚಿ ಗಾರೆಯ ಮೇಲೆ ತಟ್ಟಿದಳು.

"ಏಳು ಕಾಂದೆಲಾರಿಯೊ. ನಿಮ್ಮಣ್ಣ ಬಂದಿದಾನೆ. ಅತ್ತಿಗೇನೂ ಬಂದಿದಾಳೆ, ಸ್ವಲ್ಪ ಸಿಟ್ಟಿನೋಳು. ನಾಚ್ಕೋಬೇಡ."

ದೋಣಿಕಟ್ಟೆಯಲ್ಲಿ ನಾನು ಅವಳನ್ನು ನಮ್ಮ ಜೊತೆ ಬರ್ರಾಂಕೀಯಾಕ್ಕೆ ಕರೆದೆ. ಮನಸ್ಸಿನಿಂದಲೇ ಕರೆದೆ. ಅವಳು ಮೈರೀಸಳ ಜಡೆ ಬಿಚ್ಚಿ ಮತ್ತೆ ಬಿಗಿಯಾಗಿ ಹೆಣೆಯುತ್ತಿದ್ದಳು.

"ಈಗ್ಲೇ ಆಗಲ್ಲ ಕಣೇ. ನಾಳೆ ಸೋಮವಾರ," ಅಂದಳು. "ಅವನಿಗೆ ನಾನಲ್ದೆ ಇನ್ಯಾರಿದಾರೆ? ಮಂಗಳವಾರದ ದೋಣೀಲಿ ಬರ್ತೀನಿ. ಒಂದು ತೂಗುಕುರ್ಚಿ ಬೀದಿಗೆ ಹಾಕಿಡು."